ಹಳೆಯ ಸ್ಕೀ ದೋಣಿ: ಎಂಜಿನ್ ಯಾವುದು, ಜೆಟ್ ಪಂಪ್ ಯಾವುದು?

ಪ್ರಶ್ನೆ: ದಾವಣಗೆರೆಯವನಾದ ನಾನು ಈಗ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ ಇದ್ದೇನೆ. ಇತ್ತೀಚೆಗೆ ಹದಿನೆಂಟು ಅಡಿ ಉದ್ದದ ಹಳೆಯ ಫೈಬರ್‌ಗ್ಲಾಸ್ ಸ್ಕೀ ದೋಣಿಯೊಂದನ್ನು (ನೀರಿನ ಮೇಲೆ ಸ್ಕೀ ಆಡುವವರನ್ನು ಹಗ್ಗದಿಂದ ಎಳೆಯುವ ದೋಣಿ) ಕೊಂಡೆ. ಅದಕ್ಕೆ ಪ್ರೊಪೆಲ್ಲರ್ ಇಲ್ಲ, ನೀರನ್ನು ಹಿಂದಕ್ಕೆ ಚಿಮ್ಮಿಸಿ ದೋಣಿ ಓಡಿಸುವ ಜೆಟ್ ಡ್ರೈವ್ ಇದೆ. ‘ಎಂಜಿನ್ ಶೆವರ್ಲೆ 454, ಪಂಪ್ ಬರ್ಕ್ಲಿ’ ಎಂದು ಮಾರಿದವರು ಹೇಳಿದರು. ಕಾಗದಪತ್ರ ಏನೂ ಸಿಗಲಿಲ್ಲ. ಎಂಜಿನ್‌ಗೆ ಕಿತ್ತಳೆ ಬಣ್ಣ ಬಳಿದಿದೆ. ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಭಾಗ) ಹಿಂಭಾಗದಲ್ಲಿದೆ, ಆಯಿಲ್ ಸುರಿಯುವ ಕೊಳವೆ ಮುಂಭಾಗದಲ್ಲಿದೆ, ಎಂಜಿನ್ ಮೇಲಿನ ಮುಚ್ಚಳವಾದ ಒಂದೊಂದು ವಾಲ್ವ್ ಕವರ್‌ಗೂ ಹತ್ತು ಬೋಲ್ಟ್‌ಗಳಿವೆ. ಪಂಪಿನ ಮೇಲಿನ ತಗಡು ಸವೆದುಹೋಗಿ ‘12ಜೆ’ ಎಂಬಷ್ಟು ಮಾತ್ರ ಕಾಣುತ್ತದೆ. ದೋಣಿಯ ಹಿಂಬದಿಯಲ್ಲಿ ಕೊರೆದಿರುವ ಸಂಖ್ಯೆಯ ಕೊನೆಯಲ್ಲಿ ‘ಎಂ74ಸಿ’ ಎಂದಿದೆ. 454ರ ಗ್ಯಾಸ್ಕೆಟ್‌ಗಳನ್ನೂ ಸ್ಟಾರ್ಟರನ್ನೂ ತರಿಸಲು ಹೊರಟಿದ್ದೇನೆ. ತರಿಸಬಹುದೇ?

ಉತ್ತರ: ತರಿಸಬೇಡಿ. ನೀವು ಬರೆದಿರುವ ಗುರುತುಗಳು ಸರಿಯಾಗಿದ್ದರೆ ನಿಮ್ಮ ದೋಣಿಯಲ್ಲಿರುವುದು ಶೆವರ್ಲೆ ಅಲ್ಲವೇ ಅಲ್ಲ. ಅದು ಓಲ್ಡ್ಸ್‌ಮೊಬೈಲ್, ಬಹುಪಾಲು 455. ಶೆವರ್ಲೆಯ ಗ್ಯಾಸ್ಕೆಟ್ ಒಂದೂ ಅದಕ್ಕೆ ಕೂರುವುದಿಲ್ಲ.

ಮಾರಿದವರು ಬೇಕೆಂದೇ ಸುಳ್ಳು ಹೇಳಿದರು ಎಂದು ನನಗೆ ಅನಿಸುವುದಿಲ್ಲ. ಕಿತ್ತಳೆ ಬಣ್ಣ ಶೆವರ್ಲೆ ಎಂಜಿನ್‌ಗಳ ಹಳೆಯ ಗುರುತು, ಅದನ್ನು ಕಂಡವರು ಹೆಸರನ್ನು ಊಹಿಸಿಕೊಳ್ಳುತ್ತಾರೆ. ಸಂಖ್ಯೆಗಳೂ ಗೊಂದಲಕ್ಕೆ ದಾರಿ ಮಾಡುತ್ತವೆ. ಶೆವರ್ಲೆಯದು 454, ಓಲ್ಡ್ಸ್‌ಮೊಬೈಲ್‌ನದು 455, ಫೋರ್ಡ್‌ನದು 460. ಮೂರೂ ಘನ ಅಂಗುಲದ ಲೆಕ್ಕ, ಮೂರೂ ಸುಮಾರು ಏಳೂವರೆ ಲೀಟರ್ ಗಾತ್ರದ ವಿ8 ಎಂಜಿನ್‌ಗಳು, ಮೂರನ್ನೂ 1970ರ ದಶಕದ ಜೆಟ್ ದೋಣಿಗಳಲ್ಲಿ ಕೂರಿಸುತ್ತಿದ್ದರು. ಐವತ್ತು ವರ್ಷಗಳಲ್ಲಿ ನಾಲ್ಕಾರು ಕೈ ಬದಲಾದ ದೋಣಿಯಲ್ಲಿ 455 ಎಂಬುದು 454 ಆಗಲು ಹೆಚ್ಚು ಹೊತ್ತು ಬೇಕಿಲ್ಲ. ಅದಕ್ಕೇ ಹಳೆಯ ದೋಣಿಯ ವಿಷಯದಲ್ಲಿ ನಾನು ಒಂದು ನಿಯಮ ಹಿಡಿದಿದ್ದೇನೆ: ಬಣ್ಣ, ಸ್ಟಿಕ್ಕರ್, ಹೊಳೆಯುವ ವಾಲ್ವ್ ಕವರ್, ಬಾಯಿಮಾತು ಇವು ಯಾವುವೂ ಸಾಕ್ಷಿಯಾಗಲಾರವು. ಕಬ್ಬಿಣ ಎರಕ ಹೊಯ್ಯುವಾಗ ಅದರಲ್ಲೇ ಮೂಡಿದ ಅಂಕಿ ಅಕ್ಷರಗಳು ಮತ್ತು ಎಂಜಿನ್‌ನ ಮೂಲ ವಿನ್ಯಾಸ, ಇವೆರಡೇ ಸಾಕ್ಷಿ.

ಮೊದಲು ದೋಣಿಯ ವಯಸ್ಸನ್ನು ನೋಡೋಣ, ಅದು ಸುಲಭ. ಅಮೆರಿಕದಲ್ಲಿ 1972ರ ನವೆಂಬರ್ 1ರಿಂದ ತಯಾರಾದ ಪ್ರತಿ ದೋಣಿಗೂ ಹನ್ನೆರಡು ಅಕ್ಷರಾಂಕಗಳ ಗುರುತಿನ ಸಂಖ್ಯೆ ಇರಲೇಬೇಕು. ಅದನ್ನು ಹಿಂಬದಿಯ ಗೋಡೆಯ ಬಲಮೇಲ್ಭಾಗದಲ್ಲಿ ಕೊರೆದಿರುತ್ತಾರೆ. ಮೊದಲ ಮೂರು ಅಕ್ಷರಗಳು ತಯಾರಕರ ಸಂಕೇತ. ಆ ಕಾಲದ ಒಂದು ಪದ್ಧತಿಯಲ್ಲಿ ‘ಎಂ’ ಅಕ್ಷರದ ನಂತರ ಮಾದರಿ ವರ್ಷ, ಅದರ ನಂತರ ತಿಂಗಳ ಅಕ್ಷರ ಬರುತ್ತಿತ್ತು. ತಿಂಗಳ ಎಣಿಕೆ ಜನವರಿಯಿಂದ ಶುರುವಾಗುವುದಿಲ್ಲ, ಆಗಸ್ಟ್‌ನಿಂದ ಶುರುವಾಗುತ್ತದೆ. ‘ಎ’ ಆಗಸ್ಟ್, ‘ಬಿ’ ಸೆಪ್ಟೆಂಬರ್, ‘ಸಿ’ ಅಕ್ಟೋಬರ್. ಹಾಗಾಗಿ ನಿಮ್ಮದು 1974ರ ಮಾದರಿ, 1973ರ ಅಕ್ಟೋಬರ್‌ನಲ್ಲಿ ತಯಾರಾದದ್ದು. ಇದು ದೋಣಿಯ ಹೊರಮೈಯ ವಯಸ್ಸು ಮಾತ್ರ. ಎಂಜಿನ್ ಅದರ ಜೊತೆ ಹುಟ್ಟಿತ್ತೋ ಆಮೇಲೆ ಬಂದು ಸೇರಿತೋ ಎಂಬುದನ್ನು ಎಂಜಿನ್‌ನಿಂದಲೇ ತಿಳಿಯಬೇಕು.

ಎಂಜಿನ್ ಮುಂದೆ ನಿಂತಾಗ ನಾನು ಮೊಟ್ಟಮೊದಲು ನೋಡುವುದು ಡಿಸ್ಟ್ರಿಬ್ಯೂಟರ್ ಎಲ್ಲಿದೆ ಎಂಬುದನ್ನು. ಅದನ್ನು ಯಾರೂ ಬಣ್ಣ ಬಳಿದು ಬದಲಿಸಲಾರರು. ಆ ಕಾಲದ ಫೋರ್ಡ್ ವಿ8ಗಳಲ್ಲಿ, ಬ್ಯೂಕ್‌ನಲ್ಲಿ, ಕ್ರೈಸ್ಲರ್‌ನ 383, 440ರಂಥ ದೊಡ್ಡ ಎಂಜಿನ್‌ಗಳಲ್ಲಿ ಅದು ಮುಂಭಾಗದಲ್ಲಿರುತ್ತದೆ. ಶೆವರ್ಲೆ, ಓಲ್ಡ್ಸ್‌ಮೊಬೈಲ್, ಪಾಂಟಿಯಾಕ್ ಮತ್ತು ಕ್ರೈಸ್ಲರ್‌ನ ಚಿಕ್ಕ ಎಂಜಿನ್‌ಗಳಲ್ಲಿ ಹಿಂಭಾಗದಲ್ಲಿರುತ್ತದೆ. ನಿಮ್ಮದು ಹಿಂಭಾಗದಲ್ಲಿದೆ ಎಂದಾಗಲೇ ಅರ್ಧದಷ್ಟು ಹೆಸರುಗಳು ಬಿದ್ದುಹೋದವು. ಉಳಿದವುಗಳಲ್ಲಿ ವಾಲ್ವ್ ಕವರಿನ ಬೋಲ್ಟ್ ಎಣಿಸಿದರೆ ಸಾಕು. ಶೆವರ್ಲೆಯ ದೊಡ್ಡ ಎಂಜಿನ್‌ಗೆ ಕವರ್ ಒಂದಕ್ಕೆ ಏಳು, ಆ ಕಾಲದ ಚಿಕ್ಕ ಎಂಜಿನ್‌ಗೆ ನಾಲ್ಕು. ಪಾಂಟಿಯಾಕ್‌ಗೂ ನಾಲ್ಕೇ. ಹತ್ತು ಬೋಲ್ಟ್ ಇದ್ದರೆ ಓಲ್ಡ್ಸ್‌ಮೊಬೈಲ್. ಮುಂಭಾಗದಲ್ಲಿ ನೆಟ್ಟಗೆ ಎದ್ದಿರುವ ಆಯಿಲ್ ಕೊಳವೆಯೂ ಅದನ್ನೇ ಹೇಳುತ್ತದೆ.

‘455’ ಎಂದು ಬರೆದ ಸ್ಟಿಕ್ಕರ್ ನೋಡಿ ಬಿಡಿಭಾಗ ತರಿಸುವವರಿಗೆ ಇನ್ನೊಂದು ಎಚ್ಚರಿಕೆ ಹೇಳಬೇಕು. ಜನರಲ್ ಮೋಟಾರ್ಸ್ ಒಂದೇ ಛತ್ರಿಯಡಿ ಮೂರು ಬೇರೆ ಬೇರೆ 455ಗಳನ್ನು ಮಾಡಿತು. ಓಲ್ಡ್ಸ್‌ಮೊಬೈಲ್‌ನದು 1968ರಿಂದ 1976ರವರೆಗೆ, ಬ್ಯೂಕ್ ಮತ್ತು ಪಾಂಟಿಯಾಕ್‌ಗಳದು 1970ರಿಂದ 1976ರವರೆಗೆ. ಹೆಸರಿನ ಸಂಖ್ಯೆಯೊಂದನ್ನು ಬಿಟ್ಟರೆ ಅವುಗಳ ಬ್ಲಾಕ್ (ಸಿಲಿಂಡರ್‌ಗಳಿರುವ ಮುಖ್ಯ ಎರಕ), ಹೆಡ್ (ಅದರ ಮೇಲೆ ಕೂರುವ ಭಾಗ), ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಯಾವುದೂ ಒಂದಕ್ಕೊಂದು ಹೊಂದುವುದಿಲ್ಲ. ಅಂಗಡಿಯಲ್ಲಿ ‘455’ ಎಂದಷ್ಟೇ ಹೇಳಿದರೆ ಮೂರರಲ್ಲಿ ಯಾವುದಾದರೂ ಬರಬಹುದು.

ಈಗ ಬ್ಲಾಕಿನ ಹತ್ತಿರ ಬರೋಣ. ಓಲ್ಡ್ಸ್‌ಮೊಬೈಲ್‌ನಲ್ಲೂ ದೊಡ್ಡದು, ಚಿಕ್ಕದು ಎಂಬ ಎರಡು ಬಳಗಗಳಿವೆ. ಹೊರನೋಟಕ್ಕೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಹೆಡ್‌ನ ಮೂಲೆಯಲ್ಲಿ, ಮುಂದಿನ ಸ್ಪಾರ್ಕ್ ಪ್ಲಗ್‌ನ ಬಳಿ, ಎರಕದಲ್ಲೇ ಉಬ್ಬಿದ ಒಂದು ಗುರುತು ಇರುತ್ತದೆ. ಅದು ಅಂಕಿಯಾಗಿದ್ದರೆ ಚಿಕ್ಕ ಎಂಜಿನ್, ಅಕ್ಷರವಾಗಿದ್ದರೆ ದೊಡ್ಡದು. ‘ಸಿ’ ಇದ್ದರೆ ಹೆಡ್ 1960ರ ದಶಕದ ಕೊನೆಯದು, ‘ಜೆ’ ಇದ್ದರೆ 1973 ಅಥವಾ ಅದರ ನಂತರದ್ದು. ನಿಮ್ಮ ದೋಣಿಯ ವಯಸ್ಸಿಗೆ ‘ಜೆ’ ಸಿಕ್ಕರೆ ಹೊಂದುತ್ತದೆ, ‘ಸಿ’ ಸಿಕ್ಕರೆ ಯಾರೋ ಹೆಡ್ ಬದಲಿಸಿದ್ದಾರೆ ಅಥವಾ ಇಡೀ ಎಂಜಿನ್ನೇ ಬೇರೆ ಕಡೆಯಿಂದ ಬಂದಿದೆ.

ಹೆಡ್ ಬಿಚ್ಚಿ ಬದಲಿಸಬಹುದಾದ ವಸ್ತು, ಆದ್ದರಿಂದ ಅಲ್ಲಿಗೇ ನಿಲ್ಲಬೇಡಿ. ಆಯಿಲ್ ಕೊಳವೆಯ ಬುಡದ ಬಳಿ, ಬ್ಲಾಕಿನ ಮೇಲ್ಮುಖದಲ್ಲಿ ಎರಕದ ಸಂಖ್ಯೆ ಇರುತ್ತದೆ. ಅಲ್ಲಿ 396021 ಎಂಬ ಸಂಖ್ಯೆಯೂ ಅದರ ಜೊತೆ ‘ಎಫ್’ ಅಕ್ಷರವೂ ಕಂಡರೆ ಅದು 455ರ ಬ್ಲಾಕ್. ಇದನ್ನು ನೋಡಲೇಬೇಕು ಎನ್ನುವುದಕ್ಕೆ ಕಾರಣವಿದೆ. 455ಕ್ಕಿಂತ ಮೊದಲು ಓಲ್ಡ್ಸ್‌ಮೊಬೈಲ್ 425 ಎಂಬ ಎಂಜಿನ್ ಮಾಡುತ್ತಿತ್ತು. ಎರಡರ ಸಿಲಿಂಡರ್ ವ್ಯಾಸವೂ ಒಂದೇ, 4.126 ಅಂಗುಲ. ಪಿಸ್ಟನ್ ಓಡಾಡುವ ದೂರದಲ್ಲಿ ಮಾತ್ರ ವ್ಯತ್ಯಾಸ: 425ರಲ್ಲಿ ನಾಲ್ಕು ಅಂಗುಲಕ್ಕೆ ಕೂದಲೆಳೆಯಷ್ಟು ಕಡಿಮೆ, 455ರಲ್ಲಿ ನಾಲ್ಕೂಕಾಲು ಅಂಗುಲ. ಹೊರಗಿನಿಂದ ನೋಡಿ ಇದನ್ನು ಹೇಳಲಾಗದು.

ಮುಂದೆ ಹೋಗುವ ಮೊದಲು ಎಡ ಬಲದ ಬಗ್ಗೆ ಒಂದು ಮಾತು. ಅಮೆರಿಕದ ಕೈಪಿಡಿಗಳಲ್ಲಿ ‘ಚಾಲಕನ ಕಡೆ’ ಎಂದರೆ ಎಡ. ನಮ್ಮೂರಿನ ಕಾರುಗಳ ಅಭ್ಯಾಸದಲ್ಲಿ ಓದಿದರೆ ಬಲಕ್ಕೆ ಹುಡುಕುತ್ತಾ ಕೂರುತ್ತೀರಿ. ಜೆಟ್ ದೋಣಿಯಲ್ಲಿ ಎಂಜಿನ್‌ನ ಬೆಲ್ಟ್ ಇರುವ ಮುಖ ದೋಣಿಯ ಮುಂಭಾಗಕ್ಕೂ ಫ್ಲೈವೀಲ್ ಎಂಬ ಭಾರದ ಚಕ್ರ ಹಿಂಭಾಗಕ್ಕೂ ಇರುತ್ತದೆ. ಹಾಗಾಗಿ ನೀವು ಹಿಂಬದಿಯಲ್ಲಿ ನಿಂತು ಮುಂದಕ್ಕೆ ನೋಡಿದರೆ ನಿಮ್ಮ ಎಡವೇ ಎಂಜಿನ್‌ನ ಎಡ. ಎಂಜಿನ್ನನ್ನು ಹಿಂದುಮುಂದಾಗಿ ಕೂರಿಸುವ ವಿ-ಡ್ರೈವ್ ದೋಣಿಗಳಲ್ಲಿ ಇದು ತಿರುವುಮುರುವು, ಆದರೆ ಅದು ನಿಮಗೆ ಬೇಕಿಲ್ಲ.

ಎಡಗಡೆಯ ಹೆಡ್‌ನ ಕೆಳಗೆ, ಮುಂಭಾಗದಲ್ಲಿ, ನಯಗೊಳಿಸಿದ ಒಂದು ಚಿಕ್ಕ ಜಾಗವಿದೆ. 1968ರಿಂದೀಚೆಗೆ ಕಾರುಗಳಿಗೆ ಹೋದ ಎಂಜಿನ್‌ಗಳ ಮೇಲೆ ಅಲ್ಲಿ ಆ ಕಾರಿನ ಸಂಖ್ಯೆಯ ಒಂದು ತುಣುಕನ್ನು ಅಚ್ಚೊತ್ತುತ್ತಿದ್ದರು. ಮೊದಲ ಅಂಕಿ 3 ಇದ್ದರೆ ಓಲ್ಡ್ಸ್‌ಮೊಬೈಲ್ ವಿಭಾಗ, ಎರಡನೆಯದು ವರ್ಷದ ಕೊನೆಯ ಅಂಕಿ, ಮೂರನೆಯದು ಕಾರ್ಖಾನೆಯ ಸಂಕೇತ. ಅಂದರೆ ‘32’ ಎಂದು ಆರಂಭವಾದರೆ 1972ರ ಓಲ್ಡ್ಸ್‌ಮೊಬೈಲ್ ಕಾರಿನ ಎಂಜಿನ್. ದೋಣಿಗೆಂದೇ ಮಾರಾಟವಾದ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಈ ಅಚ್ಚು ಇರುವುದಿಲ್ಲ. ಅಚ್ಚು ಸಿಕ್ಕರೆ ನಿಮ್ಮದು ಎಂದೋ ರಸ್ತೆಯಲ್ಲಿ ಓಡಿದ ಎಂಜಿನ್ ಎಂದು ತಿಳಿದುಕೊಂಡು, ಅದಕ್ಕೆ ತಗುಲಿಸಿರುವ ಸ್ಟಾರ್ಟರ್, ಆಲ್ಟರ್ನೇಟರ್‌ಗಳೂ ಕಾರಿನವೇ ಇರಬಹುದೇ ಎಂದು ಅನುಮಾನಿಸಿ. ಆ ವಿಷಯಕ್ಕೆ ಮತ್ತೆ ಬರುತ್ತೇನೆ, ಅದು ಪ್ರಾಣದ ಪ್ರಶ್ನೆ.

ಅಂಕಿಗಳನ್ನು ಓದುವುದೇ ಒಂದು ಕೆಲಸ. ಗ್ರೀಸ್ ಕರಗಿಸುವ ದ್ರವ ಹಾಕಿ ಒರಸಿ, ತಂತಿ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಕಬ್ಬಿಣದ ಮೇಲೆ ಬಿಳಿ ಸೀಮೆಸುಣ್ಣ ಸವರಿದರೆ ಉಬ್ಬಿದ ಅಕ್ಷರ ಎದ್ದು ಕಾಣುತ್ತದೆ. ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಬಿಡಿ, ನೆರಳು ಅಂಕಿಯನ್ನು ತೋರಿಸುತ್ತದೆ. ಕಣ್ಣು ಹೋಗದ ಕಡೆ ಮೊಬೈಲ್ ಹೋಗುತ್ತದೆ. ಪಂಪಿನ ತಗಡಿನ ಮೇಲೆ ಮಾತ್ರ ಬ್ರಷ್ ಆಡಿಸಬೇಡಿ. ಅದು ಮೆತ್ತಗಿನ ಲೋಹ, ಉಳಿದ ಅಕ್ಷರವೂ ಹೋಗುತ್ತದೆ. ತೆಳ್ಳಗಿನ ಕಾಗದವಿಟ್ಟು ಪೆನ್ಸಿಲ್ ಅಡ್ಡಲಾಗಿ ಉಜ್ಜಿ ನೋಡಿ. ಕಣ್ಣಿಗೆ ಕಾಣದ ಅಕ್ಷರ ಕಾಗದದ ಮೇಲೆ ಬಂದದ್ದನ್ನು ನೋಡಿದ್ದೇನೆ.

ಬೇರೆ ಎಂಜಿನ್ ಇರುವ ಓದುಗರಿಗಾಗಿ ಎರಡು ಮಾತು. ನಿಜವಾದ ಶೆವರ್ಲೆಯಲ್ಲಿ ಎರಕದ ಸಂಖ್ಯೆ ಬ್ಲಾಕಿನ ಹಿಂಭಾಗದ ಎಡಗಡೆ, ಫ್ಲೈವೀಲ್ ಕವಚ ಕೂರುವ ಅಂಚಿನ ಮೇಲೆ ಇರುತ್ತದೆ. 3999289 ಎಂದಿದ್ದರೆ ಅದು 1970ರ ದಶಕದ 454. ಫೋರ್ಡ್‌ನ ಸಂಖ್ಯೆ ಓದುವುದು ಬಲು ಸುಲಭ. ‘ಡಿ0ವಿಇ’ ಎಂದಿದ್ದರೆ ‘ಡಿ’ ಎಂದರೆ 1970ರ ದಶಕ, 0 ಎಂದರೆ ಆ ದಶಕದ ಮೊದಲ ವರ್ಷ, ‘ವಿ’ ಎಂದರೆ ಲಿಂಕನ್ ಕಾರಿಗಾಗಿ ರೂಪಿಸಿದ್ದು, ‘ಇ’ ಎಂದರೆ ಎಂಜಿನ್. 1960ರ ದಶಕಕ್ಕೆ ‘ಸಿ’. ಆದರೆ ಫೋರ್ಡ್‌ನ 429 ಮತ್ತು 460 ಎರಡಕ್ಕೂ ಸಿಲಿಂಡರ್ ವ್ಯಾಸ 4.36 ಅಂಗುಲವೇ ಆದ್ದರಿಂದ ಒಳಗೆ ಅಳೆಯದೆ ಯಾವುದೆಂದು ಹೇಳಲಾಗದು.

ಇನ್ನು ಪಂಪ್. ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಜೆಟ್ ಡ್ರೈವ್ ಎಂದರೆ ಬೇರೇನೂ ಅಲ್ಲ, ತೋಟಕ್ಕೆ ನೀರೆತ್ತುವ ಪಂಪಿನ ಒಡಹುಟ್ಟು. ಇದು ಬರೀ ಹೋಲಿಕೆಯ ಮಾತಲ್ಲ, ಇತಿಹಾಸವೇ ಹಾಗಿದೆ. ಆ ಕಾಲದ ಎರಡು ದೊಡ್ಡ ಹೆಸರುಗಳಾದ ಬರ್ಕ್ಲಿ ಮತ್ತು ಜಕೂಜಿ ಎರಡೂ ಬೇರೂರಿದ್ದು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಬರ್ಕ್ಲಿ ಊರಿನಲ್ಲಿ. ಎರಡೂ ಮೊದಲು ಕ್ಯಾಲಿಫೋರ್ನಿಯಾದ ಹೊಲ ತೋಟಗಳಿಗೆ ಪಂಪ್ ಮಾಡಿಕೊಟ್ಟ ಕಂಪನಿಗಳು. ಇಂದು ಸ್ನಾನದ ತೊಟ್ಟಿಯಿಂದ ಹೆಸರಾಗಿರುವ ಜಕೂಜಿ ಆ ಇಟಾಲಿಯನ್ ವಲಸೆಗಾರ ಸಹೋದರರ ಮನೆತನದ ಹೆಸರೇ. ಅಡಿಯಿಂದ ನೀರು ಹೀರಿ, ಇಂಪೆಲ್ಲರ್ ಎಂಬ ಅಲಗುಗಳ ಚಕ್ರದಿಂದ ಒತ್ತಡ ಕೊಟ್ಟು, ಹಿಂಬದಿಯ ನಳಿಕೆಯಿಂದ ಚಿಮ್ಮಿಸಿದರೆ ದೋಣಿ ಮುಂದೆ ಹೋಗುತ್ತದೆ. ಈ ತತ್ವವನ್ನು ಚೆನ್ನಾಗಿ ಓಡುವ ದೋಣಿಯಾಗಿ ಮಾಡಿ ತೋರಿಸಿದವರು ನ್ಯೂಜಿಲೆಂಡ್‌ನ ಬಿಲ್ ಹ್ಯಾಮಿಲ್ಟನ್. 1950ರ ದಶಕದಲ್ಲಿ ತಮ್ಮೂರಿನ ಮೊಣಕಾಲುದ್ದ ನೀರಿನ ನದಿಗಳಲ್ಲಿ ಓಡಾಡಲು ಹೊರಟ ಅವರು, ನೀರು ಚಿಮ್ಮುವ ಬಾಯಿಯನ್ನು ನೀರಿನ ಮಟ್ಟಕ್ಕಿಂತ ಮೇಲಿಟ್ಟಾಗ ವೇಗ ಏರಿದ್ದನ್ನು ಕಂಡರು. 1960ರಲ್ಲಿ ಅವರ ಜೆಟ್ ದೋಣಿಗಳು ಗ್ರ್ಯಾಂಡ್ ಕ್ಯಾನ್ಯನ್‌ನೊಳಗೆ ಕೊಲರಾಡೊ ನದಿಯನ್ನು ಪ್ರವಾಹಕ್ಕೆ ಎದುರಾಗಿ ಏರಿದವು. ಸ್ಕೀ ಆಡುವವರಿಗೆ ಇದು ಹಿಡಿಸಿದ್ದಕ್ಕೆ ಬೇರೆಯದೇ ಕಾರಣ: ನೀರಿನಲ್ಲಿ ಬಿದ್ದವರ ಕಾಲಿನ ಬಳಿ ತಿರುಗುವ ಅಲಗು ಇಲ್ಲ.

ನಿಮ್ಮ ತಗಡಿನ ‘12ಜೆ’ ಬರ್ಕ್ಲಿಯದೇ ಗುರುತು. ಮುಂದಿನ ಅಕ್ಷರ ಮಾದರಿಯನ್ನು ಹೇಳುತ್ತದೆ: 12ಜೆಎ, 12ಜೆಬಿ, 12ಜೆಸಿ, 12ಜೆಇ, 12ಜೆಎಫ್, 12ಜೆಜಿ. 1974ರ ಸ್ಕೀ ದೋಣಿಯಲ್ಲಿ ನಿರೀಕ್ಷಿಸಬೇಕಾದದ್ದು 12ಜೆಸಿ, ಅದೇ ಎಲ್ಲಕ್ಕಿಂತ ಹೆಚ್ಚು ಮಾರಾಟವಾದದ್ದು. ಆದರೂ ತಗಡನ್ನು ಒಂದು ಪಂಪಿನಿಂದ ಇನ್ನೊಂದಕ್ಕೆ ರಿವೆಟ್ ಹೊಡೆಯಬಹುದು, ಬರ್ಕ್ಲಿಗೆ ಹೊಂದುವಂತೆ ಬೇರೆಯವರೂ ಭಾಗಗಳನ್ನು ಮಾಡಿದ್ದಾರೆ. ಆದ್ದರಿಂದ ಹೀರುವ ಭಾಗ, ಇಂಪೆಲ್ಲರ್ ಹಿಂದಿನ ಬೋಗುಣಿಯಾಕಾರದ ಕವಚ, ನಳಿಕೆ, ಈ ಮೂರರ ಮೇಲೂ ಎರಕದ ಹೆಸರು ಮತ್ತು ಸಂಖ್ಯೆ ಹುಡುಕಿ ಬರೆದಿಟ್ಟುಕೊಳ್ಳಿ. ಬರ್ಕ್ಲಿ ಒಂದೇ ಹಂತದ ಪಂಪ್, ಒಂದೇ ಇಂಪೆಲ್ಲರ್. ಹ್ಯಾಮಿಲ್ಟನ್‌ನ ಆ ಕಾಲದ ಎಷ್ಟೋ ಮಾದರಿಗಳಲ್ಲಿ ಒಂದರ ಹಿಂದೊಂದು ಎರಡು ಮೂರು ಇಂಪೆಲ್ಲರ್‌ಗಳಿದ್ದವು. ನಳಿಕೆಯನ್ನು ಮೇಲಕ್ಕೂ ಕೆಳಕ್ಕೂ ಬಾಗಿಸುವ ಸಾಧನವಿದ್ದು ಅದರ ಮೇಲೆ ‘ಪ್ಲೇಸ್’ ಎಂದಿದ್ದರೆ ಗಾಬರಿಯಾಗಬೇಡಿ. ಅದು ಆಮೇಲೆ ಸೇರಿಸುವ ಪ್ಲೇಸ್ ಡೈವರ್ಟರ್, ಪಂಪಿನ ಹೆಸರಲ್ಲ.

ತಗಡು ಹೇಳಬೇಕಾಗಿದ್ದ ಇನ್ನೊಂದು ಸಂಗತಿ ಇಂಪೆಲ್ಲರ್‌ನ ಗಾತ್ರ. ಬರ್ಕ್ಲಿಯಲ್ಲಿ ‘ಎಎ’ ದೊಡ್ಡದು, ಆಮೇಲೆ ‘ಎ’, ‘ಬಿ’, ‘ಸಿ’ ಎಂದು ವ್ಯಾಸ ಇಳಿಯುತ್ತಾ ಹೋಗುತ್ತದೆ. ತಗಡಿನಲ್ಲಿ ‘ಎ’ ಎಂದು ಬರೆದಿದ್ದರೂ ಐವತ್ತು ವರ್ಷಗಳಲ್ಲಿ ಯಾರೋ ತೆಗೆದು ಬೇರೆಯದನ್ನು ಹಾಕಿರಬಹುದು, ಇಲ್ಲವೇ ಅಂಚು ಕಡೆದಿರಬಹುದು. ಹೊರತೆಗೆದು ವ್ಯಾಸ ಅಳೆಯುವುದೊಂದೇ ಪಕ್ಕಾ ದಾರಿ. ಪಂಪ್ ಬಿಚ್ಚುವ ಮೊದಲೇ ಒಂದು ಅಂದಾಜು ಬೇಕಿದ್ದರೆ ನೀರಿನ ಮೇಲೆ ಪರೀಕ್ಷೆ ಮಾಡಬಹುದು, ಮತ್ತು ಈ ಪರೀಕ್ಷೆ ಬಹಳ ಒಳ್ಳೆಯದು.

ಇಂಪೆಲ್ಲರ್ ತಿರುಗಿಸಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ನಿಮಿಷಕ್ಕೆ 4000 ಸುತ್ತಿನಿಂದ 5000 ಸುತ್ತಿಗೆ ಹೋಗಬೇಕಾದರೆ ಹೆಚ್ಚುಕಡಿಮೆ ಎರಡರಷ್ಟು ಶಕ್ತಿ ಬೇಕು. ಬರೀ ಹತ್ತು ಶೇಕಡಾ ಹೆಚ್ಚು ಸುತ್ತಿಗೆ 33 ಶೇಕಡಾ ಹೆಚ್ಚು ಶಕ್ತಿ. ದೋಣಿಯಲ್ಲಿ ಎಷ್ಟು ಜನ ಕುಳಿತಿದ್ದಾರೆ, ಹಿಂದೆ ಸ್ಕೀ ಎಳೆಯುತ್ತಿದೆಯೇ ಎಂಬುದು ಪ್ರೊಪೆಲ್ಲರ್ ದೋಣಿಯ ಸುತ್ತನ್ನು ಇಳಿಸಿದಷ್ಟು ಜೆಟ್‌ನದನ್ನು ಇಳಿಸುವುದಿಲ್ಲ. ಆದ್ದರಿಂದ ಪೂರ್ತಿ ಥ್ರಾಟಲ್‌ನಲ್ಲಿ ಸುತ್ತಿನ ಮೀಟರ್ ಎಲ್ಲಿ ನಿಲ್ಲುತ್ತದೋ ಅದು ಎಂಜಿನ್ ಮತ್ತು ಇಂಪೆಲ್ಲರ್ ಜೋಡಿಯ ಸಹಿ. ಬರ್ಕ್ಲಿ ಕಂಪನಿ ಪ್ರತಿ ಇಂಪೆಲ್ಲರ್‌ಗೂ ಯಾವ ಸುತ್ತಿನಲ್ಲಿ ಎಷ್ಟು ಅಶ್ವಶಕ್ತಿ ನುಂಗುತ್ತದೆ ಎಂಬ ನಕ್ಷೆ ಕೊಟ್ಟಿತ್ತು. ಆರೋಗ್ಯವಾಗಿರುವ ಎಂಜಿನ್‌ನ ಶಕ್ತಿ ಗೊತ್ತಿದ್ದರೆ ಇಂಪೆಲ್ಲರ್ ತಿಳಿಯುತ್ತದೆ, ಇಂಪೆಲ್ಲರ್ ಗೊತ್ತಿದ್ದರೆ ಎಂಜಿನ್‌ನ ಆರೋಗ್ಯ ತಿಳಿಯುತ್ತದೆ. ಸುತ್ತು ಕಡಿಮೆ ಇದ್ದರೆ ಎಂಜಿನ್ ಸೊರಗಿದೆ ಅಥವಾ ಇಂಪೆಲ್ಲರ್ ದೊಡ್ಡದಾಗಿದೆ. ಸುತ್ತು ವಿಪರೀತ ಏರಿ ದೋಣಿ ಮಾತ್ರ ಓಡದಿದ್ದರೆ ಪಂಪ್ ಗಾಳಿ ಹೀರುತ್ತಿದೆ, ಇಲ್ಲವೇ ಹೀರುವ ಬಾಯಿಗೆ ಜೊಂಡು ಸಿಕ್ಕಿಕೊಂಡಿದೆ. 455ರದು ಉದ್ದ ಓಟದ ಪಿಸ್ಟನ್. ಹೆಚ್ಚು ಹೊತ್ತು ಹೆಚ್ಚು ಸುತ್ತಿನಲ್ಲಿ ಓಡಿಸಿದರೆ ಆಯಿಲ್ ಮೇಲೇ ನಿಂತು ಕೆಳಗಿನ ಬೇರಿಂಗ್‌ಗಳು ಸೊರಗುವ ದೌರ್ಬಲ್ಯಕ್ಕೆ ಅದು ಹೆಸರಾಗಿದೆ. ಆಯಿಲ್ ಒತ್ತಡದ ಮೀಟರ್ ಸರಿಯಿದೆಯೆಂದು ಖಾತ್ರಿಯಾಗದೆ ಈ ಪರೀಕ್ಷೆಗೆ ಇಳಿಯಬೇಡಿ.

ನೀರಿಗೆ ಇಳಿಸುವ ಮೊದಲು ಟ್ರೇಲರ್ ಮೇಲೆ ಚಾಲೂ ಮಾಡುವಿರಾದರೆ ಕ್ರಮ ತಪ್ಪಬಾರದು. ಈ ದೋಣಿಗಳಲ್ಲಿ ಎಂಜಿನ್ ತಂಪಾಗಲು ಬೇಕಾದ ನೀರನ್ನು ಜೆಟ್ ಪಂಪೇ ಒತ್ತಿ ಕಳಿಸುತ್ತದೆ. ಎಷ್ಟೋ ಎಂಜಿನ್‌ಗಳ ಮುಂಭಾಗದಲ್ಲಿ ಕಾರಿನ ನೀರಿನ ಪಂಪ್ ಇರುವುದೇ ಇಲ್ಲ, ಅಲ್ಲಿ ಬರೀ ಒಂದು ಮುಚ್ಚಳ ಇರುತ್ತದೆ. ಹಾಗಾಗಿ ಮನೆಯಲ್ಲಿ ತೋಟದ ಮೆದುಗೊಳವೆ ಜೋಡಿಸಬೇಕು. ಮೊದಲು ಎಂಜಿನ್ ಚಾಲೂ ಮಾಡಿ, ತಕ್ಷಣ ನೀರು ಬಿಡಿ. ನಿಲ್ಲಿಸುವಾಗ ಮೊದಲು ನೀರು ನಿಲ್ಲಿಸಿ, ಆಮೇಲೆ ಎಂಜಿನ್. ಹಿಂದುಮುಂದಾದರೆ ನೀರು ಹೊಗೆಕೊಳವೆಯ ಮೂಲಕ ಸಿಲಿಂಡರ್‌ಗೆ ನುಗ್ಗಿ ಎಂಜಿನ್ ಹಾಳಾಗುತ್ತದೆ. ಗೇರ್‌ಬಾಕ್ಸ್ ಇಲ್ಲ, ನ್ಯೂಟ್ರಲ್ ಇಲ್ಲ. ಕೀಲಿ ತಿರುಗಿಸಿದ ಕ್ಷಣದಿಂದ ಎಂಜಿನ್‌ಗೂ ಪಂಪಿಗೂ ನಡುವಿನ ಶಾಫ್ಟ್ ತಿರುಗುತ್ತದೆ. ಮಕ್ಕಳನ್ನೂ ಸಡಿಲ ಬಟ್ಟೆಯನ್ನೂ ದೂರವಿಡಿ. ಒಣ ಪಂಪನ್ನು ಹೆಚ್ಚು ಹೊತ್ತು ತಿರುಗಿಸಬೇಡಿ.

ಕಾರಿನ ಬಿಡಿಭಾಗಗಳ ವಿಷಯಕ್ಕೆ ಬರುತ್ತೇನೆ. ಕಾರಿನಲ್ಲಿ ಪೆಟ್ರೋಲ್ ಸೋರಿದರೆ ಆವಿ ರಸ್ತೆಗೆ ಇಳಿದು ಗಾಳಿಯಲ್ಲಿ ಹೋಗುತ್ತದೆ. ದೋಣಿಯಲ್ಲಿ ಅದು ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಕೂರುತ್ತದೆ. ಆಗ ಕಾರಿನ ಸ್ಟಾರ್ಟರ್‌ನೊಳಗಿನ ಒಂದು ಕಿಡಿ ಸಾಕು. ದೋಣಿಗೆಂದು ಮಾಡಿದ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್‌ಗಳು ಕಿಡಿ ಹೊರಬರದಂತೆ ಮುಚ್ಚಿರುತ್ತವೆ. ಅವುಗಳ ಮೇಲೆ ‘ಎಸ್‌ಎಇ ಜೆ1171’ ಎಂಬ ಗುರುತು ಹುಡುಕಿ. ದೋಣಿಯ ಕಾರ್ಬ್ಯುರೇಟರ್‌ನಲ್ಲಿ ಉಕ್ಕಿದ ಪೆಟ್ರೋಲ್ ಹೊರಗೆ ಚೆಲ್ಲದೆ ಒಳಗಿನ ಗಂಟಲಿಗೇ ಹೋಗುವಂತೆ ಕೊಳವೆಗಳು ಬಾಗಿರುತ್ತವೆ. ಎಂಜಿನ್‌ಗೆ ಕೂರಿಸಿದ ಪೆಟ್ರೋಲ್ ಪಂಪಿಗೂ ಎರಡು ಪದರದ ಡಯಾಫ್ರಮ್ ಇದ್ದು, ಒಂದು ಹರಿದರೆ ಸೋರಿಕೆಯನ್ನು ಕಾರ್ಬ್ಯುರೇಟರ್‌ಗೆ ಒಯ್ಯುವ ಸಣ್ಣ ಕೊಳವೆ ಇರುತ್ತದೆ. ನಿಮ್ಮದರಲ್ಲಿ ಇವು ಇಲ್ಲದಿದ್ದರೆ ಎಂಜಿನ್‌ನ ಹೆಸರು ತಿಳಿಯುವುದಕ್ಕಿಂತ ಮೊದಲು ಇವನ್ನು ಬದಲಿಸಿ. ಪ್ರತಿ ಸಲ ಚಾಲೂ ಮಾಡುವ ಮುನ್ನ ತಳದ ಆವಿಯನ್ನು ಹೊರದಬ್ಬುವ ಬ್ಲೋವರ್ ಫ್ಯಾನನ್ನು ಕನಿಷ್ಠ ನಾಲ್ಕು ನಿಮಿಷ ಓಡಿಸಿ, ಮುಚ್ಚಳ ತೆಗೆದು ಮೂಗಿನಿಂದಲೂ ಒಮ್ಮೆ ನೋಡಿ.

ಸದ್ಯಕ್ಕೆ ಹೆಡ್‌ನ ಅಕ್ಷರ, ಆಯಿಲ್ ಕೊಳವೆಯ ಬುಡದ ಸಂಖ್ಯೆ, ಎಡಗಡೆಯ ಅಚ್ಚು ಮತ್ತು ಪಂಪಿನ ಮೂರು ಎರಕದ ಸಂಖ್ಯೆಗಳನ್ನು ಚಿತ್ರ ತೆಗೆದು ಇಟ್ಟುಕೊಳ್ಳಿ. ‘ಎಫ್’ ಬ್ಲಾಕ್ ಖಚಿತವಾದ ಮೇಲೆ ‘ಓಲ್ಡ್ಸ್‌ಮೊಬೈಲ್ 455, ದೋಣಿಗೆ’ ಎಂದು ಹೇಳಿ ಗ್ಯಾಸ್ಕೆಟ್ ತರಿಸಿ. ಸ್ಟಾರ್ಟರ್ ತರಿಸುವಾಗ ಹಳೆಯದನ್ನು ಬಿಚ್ಚಿ ಹಲ್ಲು ಎಣಿಸಿ, ಜೊತೆಯಲ್ಲೇ ಅಂಗಡಿಗೆ ಒಯ್ಯಿರಿ.